ಹಾಲ್ಟ್: ನುಂಗಿದ ಸಿಟ್ಟು, ರಾತ್ರಿಯ ಸಿಹಿ

ಹಾಲ್ಟ್ ಅನ್ನೋ ಪದ ನಮಗೆ ಹೊಸದೇನಲ್ಲ. ಸಂಜೆ ಹಳ್ಳಿಗೆ ಬಂದು, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಹೊರಡುವ ಬಸ್ಸಿಗೆ ನೈಟ್ ಹಾಲ್ಟ್ ಬಸ್ಸು ಅನ್ನುತ್ತೇವೆ. ಬೆಂಗಳೂರಿನಿಂದ ಮೈಸೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋದವರು ಜ್ಞಾನಭಾರತಿ ಹಾಲ್ಟ್ ಬೋರ್ಡ್ ನೋಡಿರುತ್ತಾರೆ. ಕುಡಿತವನ್ನೋ ಹಿಡಿತ ಮೀರಿದ ತಿನ್ನಾಟವನ್ನೋ ಬಿಟ್ಟು ಚೇತರಿಸಿಕೊಳ್ಳುತ್ತಿರುವವರ ಬಾಯಲ್ಲಿ ಇದೇ ಪದಕ್ಕೆ ಬೇರೆ ಅರ್ಥ ಇದೆ. ಅಲ್ಲಿ ಅದು ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ಕಟ್ಟಿದ ಮಾತು: ಹಂಗ್ರಿ, ಆಂಗ್ರಿ, ಲೋನ್ಲಿ, ಟೈರ್ಡ್. ಹಸಿವು, ಸಿಟ್ಟು, ಒಂಟಿತನ, ಸುಸ್ತು. ಚಟ ಕೈ ಹಿಡಿದು ಎಳೆಯುವಾಗ ಒಂದು ನಿಮಿಷ ನಿಂತು, ಈ ನಾಲ್ಕರಲ್ಲಿ ಎಳೀತಿರೋದು ಯಾವುದು ಅಂತ ನೋಡಿಕೋ ಅನ್ನುವುದು ಅದರ ಉದ್ದೇಶ.

ಒಂಟಿತನಕ್ಕೆ ತಿನ್ನುವುದು, ಸುಸ್ತಾದಾಗ ತಿನ್ನುವುದು ಎಲ್ಲರಿಗೂ ಅರ್ಥ ಆಗುತ್ತದೆ. ಸಿಟ್ಟಿಗೆ ತಿನ್ನುತ್ತೇನೆ ಅಂದರೆ ಜನ ನಗುತ್ತಾರೆ. ಸಿಟ್ಟು ಬಂದರೆ ಊಟ ಬಿಡೋದಲ್ವಾ? ನಮ್ಮ ಮನೆಗಳಲ್ಲಿ ಮುನಿಸು ಅಂದರೆ ತಟ್ಟೆ ಮುಂದಿನಿಂದ ಎದ್ದು ಹೋಗುವುದು.

ಅದೂ ನಿಜವೇ. ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಮೈಯಲ್ಲಿ ಅಡ್ರಿನಲಿನ್ ನುಗ್ಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ರಕ್ತ ಕೈಕಾಲಿನ ಕಡೆ ಓಡುತ್ತದೆ, ಹಸಿವು ಅಡಗುತ್ತದೆ. ಜಗಳಕ್ಕೆ ನಿಂತ ಮೈಗೆ ಊಟ ಬೇಡ. ಆದರೆ ಅದರ ಹಿಂದೆಯೇ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನು ಬರುತ್ತದೆ. ಅದು ನಿಧಾನದ್ದು, ಬೇಗ ಹೋಗುವುದೂ ಇಲ್ಲ. ಅದು ಹಸಿವು ಜಾಸ್ತಿ ಮಾಡುತ್ತದೆ, ಅದರಲ್ಲೂ ಸಿಹಿ ಮತ್ತು ಜಿಡ್ಡಿನ ಕಡೆಗೆ ತಳ್ಳುತ್ತದೆ. ಅದರಿಂದಲೂ ಇರಬಹುದು, ಸಿಟ್ಟು ಬಂದಿದ್ದು ಮಧ್ಯಾಹ್ನ, ಡಬ್ಬ ತೆಗೆಯುವುದು ರಾತ್ರಿ. ಇವೆರಡರ ನಡುವೆ ಇಷ್ಟು ಹೊತ್ತು ಕಳೆದಿರುವುದರಿಂದಲೇ ನಂಟು ಕಣ್ಣಿಗೆ ಬೀಳುವುದಿಲ್ಲ.

ನನ್ನದೇ ಒಂದು ದಿನ ಹೇಳುತ್ತೇನೆ. ಮೀಟಿಂಗಿನಲ್ಲಿ ಮೇಲಿನವರೊಬ್ಬರು ನನ್ನ ಕೆಲಸವನ್ನು ತಮ್ಮದು ಅಂತ ತೋರಿಸಿದರು. ನಾನು ನಕ್ಕೆ. ಆಮೇಲೆ ಅವರೇ ಬಂದು ಬೆನ್ನು ತಟ್ಟಿದಾಗ ‘ಪರವಾಗಿಲ್ಲ ಸರ್’ ಅಂದೆ. ಸಂಜೆ ಎಲ್ಲ ಮಾಮೂಲಿ. ರಾತ್ರಿ ಹತ್ತೂವರೆಗೆ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಗೆ ಹೋದೆ, ನೀರು ಕುಡಿಯೋಕೆ ಅಂತ. ಲೈಟ್ ಹಾಕಲಿಲ್ಲ. ಹಬ್ಬದ ಒಬ್ಬಟ್ಟು ನಾಲ್ಕು ಉಳಿದಿದ್ದವು. ನಿಂತಲ್ಲೇ ಮುಗಿಸಿದೆ, ತಣ್ಣಗೆ, ತುಪ್ಪ ಕೂಡ ಇಲ್ಲದೆ. ಆಮೇಲೆ ಮಗನ ಬೂಸ್ಟ್ ಡಬ್ಬ. ಚಮಚದ ಹಿಡಿಯಿಂದ ಮುಚ್ಚಳ ಮೀಟುವಾಗ ‘ಟಕ್’ ಅನ್ನಬಾರದು ಅಂತ ಅಂಗೈ ಒತ್ತಿ ಹಿಡಿದಿದ್ದು ಈಗಲೂ ನೆನಪಿದೆ. ಪುಡಿ ಅಂಗುಳಕ್ಕೆ ಅಂಟಿಕೊಂಡು ಕೆಮ್ಮು ಬಂತು. ಕೆಮ್ಮನ್ನೂ ನುಂಗಿದೆ. ಸರ್ ಅವತ್ತು ರಾತ್ರಿ ನನ್ನ ತಲೆಯಲ್ಲಿ ಇರಲೇ ಇಲ್ಲ. ಕೇಳಿದ್ದರೆ ‘ಒಬ್ಬಟ್ಟು ಅಂದ್ರೆ ನಂಗೆ ಇಷ್ಟ’ ಅಂತಲೇ ಹೇಳುತ್ತಿದ್ದೆ.

ಕನ್ನಡಕ್ಕೆ ಈ ವಿಷಯ ಮೊದಲೇ ಗೊತ್ತಿತ್ತೇನೋ ಅನಿಸುತ್ತದೆ. ನಾವು ಸಿಟ್ಟನ್ನು ನುಂಗುತ್ತೇವೆ. ಬೇರೆಯವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಹಳೇ ಅವಮಾನವನ್ನು ಮೆಲುಕು ಹಾಕುತ್ತೇವೆ. ಸಿಟ್ಟಿನ ಎಷ್ಟೋ ಮಾತು ಬಾಯಿ, ಗಂಟಲು, ಹೊಟ್ಟೆಯ ಸುತ್ತಲೇ ಇದೆ. ‘ಹೊಟ್ಟೆಗೆ ಹಾಕ್ಕೊಳ್ಳಮ್ಮಾ’ ಅನ್ನುವುದು ಕ್ಷಮಿಸು ಅನ್ನೋದಕ್ಕೆ ಚಂದದ ಮಾತು, ಸರಿ. ಆದರೆ ಅದನ್ನು ಯಾವಾಗಲೂ ಯಾರಿಗೆ ಹೇಳುತ್ತೇವೆ ಅಂತ ಸ್ವಲ್ಪ ನೋಡಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳಿಗೇ ಜಾಸ್ತಿ.

ಇನ್ನು ಹಾಲ್ಟ್ ಪದ ಬಳಸುವವರ ಕಡೆ ಬರೋಣ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು ಆಲ್ಕೋಹಾಲಿಕ್ಸ್ ಅನಾನಿಮಸ್ ಶುರುವಾಗಿದ್ದು 1935ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ. ಅವರ ಮೂಲ ಪುಸ್ತಕ 1939ರದು. ಅದರಲ್ಲಿ ಎರಡು ಸಂಗತಿಗಳು ಬೇರೆ ಬೇರೆ ಕಡೆ ಇವೆ. ಒಂದು, ಚೇತರಿಕೆಯ ಹಾದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಅಂದರೆ ಒಳಗೇ ಕುದಿಯುವ ಸಿಟ್ಟು. ಇನ್ನೊಂದು, ಕುಡಿತ ಬಿಟ್ಟವರು ಚಾಕೊಲೇಟ್ ಹತ್ತಿರ ಇಟ್ಟುಕೊಂಡಿರಲಿ, ಸುಸ್ತಾದಾಗ ಬೇಗ ಶಕ್ತಿ ಬರುತ್ತದೆ ಅನ್ನೋ ಒಬ್ಬ ಡಾಕ್ಟರ ಸಲಹೆ. ಕುಡಿಯುವವನಿಗೆ ಅದು ಸರಿಯಾದ ಸಲಹೆಯೇ ಇರಬಹುದು. ತಿನ್ನುವುದೇ ಚಟ ಆದವರಿಗೆ ಅದೇ ಬಾಟಲಿ.

ಅಂಥವರಿಗಾಗಿ 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಓವರ್‌ಈಟರ್ಸ್ ಅನಾನಿಮಸ್ ಹುಟ್ಟಿತು. ಜೂಜುಕೋರರ ಇಂಥದ್ದೇ ಗುಂಪಿನ ಸಭೆ ನೋಡಿ ಬಂದ ಒಬ್ಬ ಗೃಹಿಣಿ ಶುರು ಮಾಡಿದ್ದು. ಅಲ್ಲಿನವರು ಹೇಳುವ ಒಂದು ಮಾತಿದೆ: ಕುಡಿತದ ಹುಲಿಯನ್ನು ಬೋನಿಗೆ ಹಾಕಿ ಬೀಗ ಜಡಿಯಬಹುದು, ಊಟದ ಹುಲಿಯನ್ನು ಮಾತ್ರ ದಿನಕ್ಕೆ ಮೂರು ಸಲ ವಾಕಿಂಗ್ ಕರ್ಕೊಂಡು ಹೋಗಲೇಬೇಕು.

ಸಕ್ಕರೆಯೇ ಯಾಕೆ, ಸೌತೆಕಾಯಿ ಯಾಕಲ್ಲ? ಕೆಲಸ ಮಾಡುತ್ತದೆ, ಅದಕ್ಕೇ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೇರಿ ಡಾಲ್ಮನ್ ಮತ್ತು ಜೊತೆಗಾರರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳ ಆಧಾರದ ಮೇಲೆ 2003ರಲ್ಲಿ ಒಂದು ವಾದ ಮುಂದಿಟ್ಟರು: ಸಿಹಿ ಮತ್ತು ಜಿಡ್ಡಿನ ತಿಂಡಿ ಮೆದುಳಿನ ಒತ್ತಡದ ಗದ್ದಲವನ್ನು ನಿಜವಾಗಿಯೂ ತಗ್ಗಿಸುತ್ತದೆ. ಅಂದರೆ ಒಬ್ಬಟ್ಟು ನನಗೆ ಮೋಸ ಮಾಡಲಿಲ್ಲ. ಸಿಟ್ಟು ಸ್ವಲ್ಪ ಹೊತ್ತು ತಣ್ಣಗಾಯಿತು. ಸಮಸ್ಯೆ ಇರುವುದೇ ಅಲ್ಲಿ. ಮುಂದಿನ ಸಲ ಅವಮಾನ ಆದಾಗ ಮೆದುಳು ದಾರಿ ಮರೆಯುವುದಿಲ್ಲ. ಹಾಗಂತ ಸಕ್ಕರೆ ಮಾದಕ ವಸ್ತು ಅಂತ ಕೂಗಾಡುವ ವಿಡಿಯೋಗಳನ್ನು ನಂಬಬೇಡಿ. ಮನುಷ್ಯರಲ್ಲಿ ಅದು ಇನ್ನೂ ವಾದದಲ್ಲಿರುವ ವಿಷಯ. ‘ಬೆಲ್ಲ ಆದ್ರೆ ಪರವಾಗಿಲ್ಲ’ ಅನ್ನುವವರನ್ನೂ ನಂಬಬೇಡಿ. ಬೆಲ್ಲದಲ್ಲಿ ಇರೋದೂ ಹೆಚ್ಚುಪಾಲು ಸಕ್ಕರೆಯೇ.

ಈ ನಂಟು ಉಲ್ಟಾನೂ ಓಡುತ್ತದೆ. ಹಸಿವೇ ಸಿಟ್ಟು ತರುತ್ತದೆ. ರಕ್ತದಲ್ಲಿ ಸಕ್ಕರೆ ಕೆಳಗಿಳಿದರೆ ಅದನ್ನು ಮೇಲೆತ್ತಲು ಮೈ ಅದೇ ಅಡ್ರಿನಲಿನ್, ಅದೇ ಕಾರ್ಟಿಸಾಲ್ ಬಿಡುತ್ತದೆ. ಓಹಾಯೋದ ಒಂದು ಅಧ್ಯಯನ 2014ರಲ್ಲಿ ಸುದ್ದಿಯಾಗಿತ್ತು. 107 ಜೋಡಿ ಗಂಡ ಹೆಂಡಿರಿಗೆ ಸಂಗಾತಿಯದು ಅಂತ ಒಂದೊಂದು ಗೊಂಬೆ ಮತ್ತು 51 ಗುಂಡುಪಿನ್ನು ಕೊಟ್ಟರು. ಎಷ್ಟು ಸಿಟ್ಟೋ ಅಷ್ಟು ಪಿನ್ನು ದಿನಾ ರಾತ್ರಿ ಚುಚ್ಚಿ ಅಂದರು, 21 ದಿನ. ರಾತ್ರಿ ಹೊತ್ತು ಸಕ್ಕರೆ ಕಡಿಮೆ ಇದ್ದವರು ಜಾಸ್ತಿ ಚುಚ್ಚಿದ್ದರು. ಗೊಂಬೆಯಿಂದ ಸಂಸಾರ ಅಳೆಯೋಕಾಗಲ್ಲ, ಅದು ಬೇರೆ ಮಾತು. ಆದರೆ ಬೆಳಿಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಸಲಾಡ್ ತಿಂದು, ಸಂಜೆ ಮನೆಯವರ ಮೇಲೆ ಹಾರಾಡಿ, ರಾತ್ರಿ ಡಬ್ಬ ಖಾಲಿ ಮಾಡುವ ಡಯೆಟ್ ನೀವೂ ನೋಡಿರುತ್ತೀರಿ.

ಅದಕ್ಕೇ ಹಾಲ್ಟ್‌ನಲ್ಲಿ ಹಸಿವು ಮೊದಲು ಬರುವುದು ನನಗೆ ಇಷ್ಟ, ಅಕ್ಷರ ಹೊಂದಿಸೋಕೆ ಹಾಗೆ ಇಟ್ಟಿದ್ದರೂ ಸರಿಯೇ. ಮೊದಲು ಊಟ ಮಾಡಿ, ಸರಿಯಾಗಿ, ಕೂತು. ನಾನು ನನಗೇ ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಅನ್ನ ಸಾರು ಕೊಟ್ಟರೆ ತಿಂತೀಯಾ? ಹೂಂ ಅಂದರೆ ಹಸಿವು. ಇಲ್ಲ, ಬರ್ಫಿನೇ ಬೇಕು ಅಂದರೆ ಯಾರ ಮೇಲೋ ಸಿಟ್ಟಿದೆ, ಅಥವಾ ಉಳಿದೆರಡರಲ್ಲಿ ಒಂದು.

ಸಿಟ್ಟೇ ಅಂತಾದರೆ ಈ ಗುಂಪುಗಳು ಅದನ್ನು ಬರೆಯಿಸುತ್ತವೆ. ಚೇತರಿಕೆಗೆ ಅವರು ಹೇಳಿಕೊಡುವ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ಅದಕ್ಕೇ ಇರುವುದು. ಹಾಳೆಯ ಮೇಲೆ ಕಾಲಂ ಹಾಕಬೇಕು: ಯಾರ ಮೇಲೆ, ಯಾಕೆ, ಅದು ನನ್ನ ಯಾವುದಕ್ಕೆ ತಾಗಿತು. ಐದನೆಯ ಹೆಜ್ಜೆಯಲ್ಲಿ ಅದನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ದಿನನಿತ್ಯದ ಸಿಟ್ಟಿಗೆ ಮೊದಲ ತುತ್ತಿಗಿಂತ ಮುಂಚೆ ಒಂದು ಫೋನ್. ನಾನು ಬರೆದ ಮೊದಲ ಸಾಲಿನಲ್ಲಿ ಹೆಸರು, ಕಾರಣ ಎರಡೂ ಸಲೀಸಾಗಿ ಬಂದವು. ಮೂರನೇ ಕಾಲಮಿನಲ್ಲಿ ಪೆನ್ನು ನಿಂತುಬಿಟ್ಟಿತು. ಕೊನೆಗೆ ಬರೆದಿದ್ದು ಒಂದೇ ಪದ: ಮರ್ಯಾದೆ.

ಹಾಲ್ಟ್ ಒಂದು ನೆನಪಿನ ಗಂಟು ಅಷ್ಟೇ, ಚಿಕಿತ್ಸೆ ಅಲ್ಲ. ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿನ್ನುವುದು, ನಿಲ್ಲಿಸೋಕೆ ಆಗದೇ ಇರುವುದು, ಇದು ವಾರಕ್ಕೊಂದು ಸಲದಂತೆ ಮೂರು ತಿಂಗಳು ನಡೆದರೆ ಅದಕ್ಕೆ ಬಿಂಜ್ ಈಟಿಂಗ್ ಡಿಸಾರ್ಡರ್ ಅನ್ನೋ ಹೆಸರಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ. ಮಾತಿನ ಚಿಕಿತ್ಸೆಯಿಂದ ಕಡಿಮೆಯಾಗುತ್ತದೆ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು ಮಾತು, ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ. ಸುಮ್ನೆ ಸಿಡುಕು, ಕೈ ನಡುಕ, ಬೆವರು ಒಟ್ಟಿಗೆ ಬಂದರೆ ಕಾಲಂ ಹಾಕಿ ಕೂರಬೇಡಿ. ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ, ಅಂದರೆ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಅವತ್ತಿನ ಮಟ್ಟಿಗೆ ಅದು ಔಷಧಿ. ಯಾರ ಮೇಲೆ ಸಿಟ್ಟು ಅಂತ ಆಮೇಲೆ ಬರೆದುಕೊಳ್ಳಿ.