ಆಟಗಾರನ ಸಂಬಳ ಕತ್ತರಿಸಿದರೆ ನರ್ಸ್‌ಗೆ ಏನು ಸಿಗುತ್ತದೆ?

ಸಂಸ್ಥೆಗಳಿಗೆ ಸಂಬಳದ ಶ್ರೇಣಿ ಹಾಕಿಕೊಡುವುದು ನನ್ನ ಕೆಲಸ. ಯಾವ ಹುದ್ದೆಗೆ ಎಷ್ಟು, ಯಾವ ಗ್ರೇಡ್‌ಗೆ ಎಷ್ಟು ಇನ್‌ಕ್ರಿಮೆಂಟ್, ದಿನಾ ನೋಡುವುದು ಇದನ್ನೇ. ಹಾಗಾಗಿ ಒಂದು ಪ್ರಶ್ನೆ ಎಲ್ಲಿ ಹೋದರೂ ನನ್ನನ್ನು ಬಿಡುವುದಿಲ್ಲ. ಚೆಂಡು ಒದೆಯುವವನಿಗೆ ಕೋಟಿ ಕೋಟಿ, ಜೀವ ಉಳಿಸುವ ನರ್ಸ್‌ಗೆ ತಿಂಗಳ ಕೊನೆಗೆ ಕೈ ಖಾಲಿ. ಇದು ನ್ಯಾಯವಾ?

ಈ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಅದರ ಹಿಂದೆ ಒಂದು ನಂಬಿಕೆ ಇದೆ. ಕೆಲಸ ಎಷ್ಟು ಮುಖ್ಯ ಅಂತ ಅಳೆದು ಸಂಬಳ ಕೊಡುತ್ತಾರೆ ಅನ್ನುವ ನಂಬಿಕೆ. ನಾನು ಕೂತ ಯಾವ ಸಭೆಯಲ್ಲೂ ಹಾಗೆ ಅಳೆದದ್ದನ್ನು ಕಂಡಿಲ್ಲ. ಅಲ್ಲಿ ಕೇಳುವುದೇ ಬೇರೆ: ಇವರು ಬಿಟ್ಟು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಸಿಗುತ್ತಾರಾ? ಇವರಿಂದ ಬರುವ ದುಡ್ಡು ಲೆಕ್ಕದಲ್ಲಿ ಕಾಣುತ್ತದಾ?

ನರ್ಸ್ ಒಂದು ಪಾಳಿಯಲ್ಲಿ ನೋಡಿಕೊಳ್ಳಬಹುದಾದ ರೋಗಿಗಳಿಗೆ ಮಿತಿ ಇದೆ. ಎಷ್ಟೇ ಚುರುಕಾಗಿದ್ದರೂ ಕೈ ಎರಡೇ. ಆಟಗಾರ ಸಾವಿರ ಜನರ ಮುಂದೆ ಆಡಿದರೂ, ಟಿವಿಯಲ್ಲಿ ಕೋಟಿ ಜನ ನೋಡಿದರೂ ಹರಿಸುವ ಬೆವರು ಅಷ್ಟೇ. ಜೊತೆಗೆ, ಜನ ನೋಡಲು ಬರುವುದು ಅತ್ಯುತ್ತಮ ಆಟಗಾರನನ್ನು. ಅವನಿಗಿಂತ ಸ್ವಲ್ಪ ಕಡಿಮೆ ಆಡುವವರು ಇಬ್ಬರು ಬಂದರೂ ಆ ಜಾಗ ತುಂಬುವುದಿಲ್ಲ. ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸನ್ 1981ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು.

ಆದರೆ ಇದು ಆಟಕ್ಕೆ ದುಡ್ಡು ಯಾಕೆ ಬರುತ್ತದೆ ಅಂತ ಮಾತ್ರ ಹೇಳುತ್ತದೆ. ಬಂದ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅನ್ನುವುದು ಬೇರೆ ಕಥೆ. ನನ್ನ ಪ್ರಕಾರ ಅಸಲಿ ವಿಷಯ ಅಲ್ಲೇ ಇರುವುದು.

ಇಂಗ್ಲೆಂಡಿನಲ್ಲಿ 1961ರ ಆರಂಭದವರೆಗೂ ಫುಟ್‌ಬಾಲ್ ಆಟಗಾರನಿಗೆ ವಾರಕ್ಕೆ 20 ಪೌಂಡ್‌ಗಿಂತ ಜಾಸ್ತಿ ಸಂಬಳ ಕೊಡುವಂತಿರಲಿಲ್ಲ. ಮೈದಾನಕ್ಕೆ ಜನ ಬರದೇ ಇರಲಿಲ್ಲ. ಟಿಕೆಟ್ ಹಣ ಕ್ಲಬ್‌ಗಳಲ್ಲಿ ಉಳಿಯುತ್ತಿತ್ತು, ಅಷ್ಟೇ. ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ಸಿದ್ಧವಾದ ಮೇಲೆ ಆ ಮಿತಿ ಹೋಯಿತು. ಅದೇ ವರ್ಷ ಫುಲ್ಹಾಮ್ ಕ್ಲಬ್‌ನ ಆಟಗಾರ ಜಾನಿ ಹೇನ್ಸ್ ಸಂಬಳ ವಾರಕ್ಕೆ 100 ಪೌಂಡ್ ಆಯಿತು. ಅವರ ಆಟ ರಾತ್ರೋರಾತ್ರಿ ಐದು ಪಟ್ಟು ಚೆನ್ನಾಗಿ ಆಗಿತ್ತಾ? ಇಲ್ಲ. ಬದಲಾದದ್ದು ಚೌಕಾಸಿ ಮಾಡುವ ಶಕ್ತಿ. 1995ರಲ್ಲಿ ಬೆಲ್ಜಿಯಂ ಫುಟ್‌ಬಾಲ್ ಆಟಗಾರ ಬಾಸ್‌ಮನ್ ಹೂಡಿದ್ದ ಮೊಕದ್ದಮೆಯ ತೀರ್ಪು ಬಂದ ಮೇಲೆ ಯುರೋಪಿನಲ್ಲಿ ಕರಾರು ಮುಗಿದ ಆಟಗಾರ, ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ಕೊಡಬೇಕಿದ್ದ ವರ್ಗಾವಣೆ ಶುಲ್ಕವಿಲ್ಲದೆ, ಬೇರೆ ಕ್ಲಬ್‌ಗೆ ಹೋಗುವಂತಾಯಿತು. ಸಂಬಳ ಮತ್ತೆ ಏರಿತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಂತೂ ಆಟದಿಂದ ಬರುವ ಆದಾಯದ ಸುಮಾರು ಅರ್ಧ ಆಟಗಾರರದ್ದು ಅಂತ ಒಪ್ಪಂದವೇ ಇದೆ.

ಈಗ ಆ ಸಂಬಳ ಕತ್ತರಿಸಿ ನೋಡಿ. ಉಳಿದ ದುಡ್ಡು ಆಸ್ಪತ್ರೆಗೆ ಹೋಗುವುದಿಲ್ಲ, ತಂಡದ ಮಾಲೀಕನಿಗೆ ಹೋಗುತ್ತದೆ. ಟಿಕೆಟ್ ಕೂಡ ಅಗ್ಗವಾಗುವುದಿಲ್ಲ. ಜನ ಎಷ್ಟು ಕೊಡಲು ತಯಾರೋ ಅಷ್ಟೇ ಅದರ ಬೆಲೆ. ಮಾಲೀಕನೋ ಆಟಗಾರನೋ ಅಂದರೆ ನಾನು ಆಟಗಾರನ ಕಡೆ. ಮೊಣಕಾಲು ಸವೆಯುವುದು ಅವನದ್ದೇ ಅಲ್ವಾ?

ಇನ್ನೊಂದು ಮಾತು. ಆಟಗಾರರೆಲ್ಲ ಶ್ರೀಮಂತರು ಅನ್ನುವುದೂ ಸುಮ್ನೆ ಮಾತು. ಅಮೆರಿಕದ ಬೇಸ್‌ಬಾಲ್‌ನಲ್ಲಿ 2023ರಲ್ಲಿ ಮೇಲಿನ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,20,000 ಡಾಲರ್. ಅದಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ 35,800. ಅದೂ ಸಂಘ ಸೇರಿ ಮೊದಲ ಒಪ್ಪಂದ ಮಾಡಿಕೊಂಡ ಮೇಲೆ. ಅದಕ್ಕೂ ಮೊದಲು 17,500 ಇತ್ತು. ಆಟದಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ ಇದೆ ಅಂತ ಯಾರೂ ಹೇಳುವುದಿಲ್ಲ.

ನರ್ಸ್ ವಿಷಯಕ್ಕೆ ಬರೋಣ. ಅವರ ಕೆಲಸ ಚೆನ್ನಾಗಿ ನಡೆದರೆ ಸೋಂಕು ಹರಡುವುದಿಲ್ಲ, ರೋಗಿ ಮತ್ತೆ ಆಸ್ಪತ್ರೆಗೆ ಬರುವುದಿಲ್ಲ. ಆಗದೇ ಉಳಿದ ಅನಾಹುತಕ್ಕೆ ಯಾರೂ ಬಿಲ್ ಹಾಕುವುದಿಲ್ಲ. ಮುಷ್ಕರಕ್ಕೆ ಇಳಿದರೆ ರೋಗಿಗಳ ಗತಿ ಏನು ಅನ್ನುವ ಯೋಚನೆ ಅವರನ್ನೇ ತಡೆಯುತ್ತದೆ. ಎದುರಿಗೆ ಕೂತವರಿಗೂ ಅದು ಗೊತ್ತು. ನಾನು ಗಮನಿಸಿದ್ದೇನೆ, ಸಭೆಯಲ್ಲಿ 'ಸೇವಾ ಮನೋಭಾವ' ಅನ್ನುವ ಹೊಗಳಿಕೆ ಹೊರಗೆ ಬರುವುದು ಹೆಚ್ಚಳ ಇಲ್ಲ ಅಂತ ಹೇಳುವ ಮುಂಚೆ. ಅವರ ಸಂಬಳ ಬರುವುದು ತೆರಿಗೆಯಿಂದ, ವಿಮೆಯಿಂದ, ರೋಗಿಯ ಜೇಬಿನಿಂದ. ಅದು ಎಷ್ಟು ಅಂತ ಯಾರೋ ಕೂತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನವನ್ನು ಬದಲಾಯಿಸಲು ಯಾವ ಆಟಗಾರನೂ ಅಡ್ಡ ನಿಂತಿಲ್ಲ.

ಆಟದ ದುಡ್ಡು, ನರ್ಸ್ ಸಂಬಳದ ದುಡ್ಡು, ಈ ಎರಡು ಥೈಲಿಗಳು ನಿಜಕ್ಕೂ ಒಂದಾಗುವ ಜಾಗವೂ ಇದೆ. ಖಾಸಗಿ ತಂಡಕ್ಕೆ ಸರ್ಕಾರದ ದುಡ್ಡಿನಲ್ಲಿ ಕ್ರೀಡಾಂಗಣ ಕಟ್ಟಿಸಿಕೊಡುವುದು, ತೆರಿಗೆ ಬಿಟ್ಟುಕೊಡುವುದು. ಊರಿಗೆ ವ್ಯಾಪಾರ ಬರುತ್ತದೆ, ಕೆಲಸ ಹುಟ್ಟುತ್ತದೆ ಅಂತ ಪ್ರತಿ ಸಲ ಹೇಳುತ್ತಾರೆ. ಅಮೆರಿಕದ ಕ್ರೀಡಾಂಗಣಗಳ ಲೆಕ್ಕ ನೋಡಿದ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಕಂಡದ್ದು, ಹಾಕಿದ ಸಾರ್ವಜನಿಕ ಹಣದಷ್ಟು ಲಾಭ ಊರಿಗೆ ವಾಪಸ್ ಬರಲಿಲ್ಲ ಅಂತ. ಆಟಗಾರನ ದೊಡ್ಡ ಸಂಬಳದಿಂದ ಸರ್ಕಾರಕ್ಕೆ ತೆರಿಗೆಯಾದರೂ ಬರುತ್ತದೆ. ಆ ಕ್ರೀಡಾಂಗಣಕ್ಕೆ ಹೋದ ಹಣ ಮಾತ್ರ ನರ್ಸ್‌ಗಳ, ಶಿಕ್ಷಕರ ಸಂಬಳಕ್ಕೆ ಸಿಗಬಹುದಾಗಿದ್ದ ಬಜೆಟ್‌ನಿಂದಲೇ ಹೋದದ್ದು.