ತೆಂಗಿನೆಣ್ಣೆ ಕುಡಿದರೆ ಹಸಿವು ಇಂಗುತ್ತದೆಯೇ?

ಮಂಗಳೂರಿನಲ್ಲಿ ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ತೆಂಗಿನೆಣ್ಣೆ ಕುಡಿಯುವವರಿದ್ದಾರೆ. ಹಸಿವು ಇಂಗುತ್ತದೆ, ತೂಕ ಇಳಿಯುತ್ತದೆ ಎಂಬ ನಂಬಿಕೆ. ಇದೇ ಎಣ್ಣೆಯನ್ನು ಹೃದಯಕ್ಕೆ ಕೆಟ್ಟದ್ದು ಅಂತ ಒಂದು ಕಾಲದಲ್ಲಿ ನಮ್ಮ ಮನೆಯಲ್ಲೂ ಒಗ್ಗರಣೆಗೆ ಬಳಸುವುದು ಬಿಟ್ಟಿದ್ದೆವು.

ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳಿದ್ದು 1961ರಲ್ಲಿ. ಆ ಮಾತು ಕರಾವಳಿಯ ಮನೆಮನೆಗೆ ಮುಟ್ಟುವ ಹೊತ್ತಿಗೆ ಅಂಗಡಿಗೆ ಪಾಮೋಲಿನ್, ಸೂರ್ಯಕಾಂತಿ ಎಣ್ಣೆ ಬಂದಿದ್ದವು. ಎಚ್ಚರಿಕೆ ಸುಳ್ಳಲ್ಲ. ತೆಂಗಿನೆಣ್ಣೆಯಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬೇ ಇದೆ. ಆದರೆ ಮಾತೆಲ್ಲ ಹೃದಯದ್ದೇ ಆಯಿತು, ಹೊಟ್ಟೆಯದ್ದಲ್ಲ.

ಹೊಟ್ಟೆಯ ಕಥೆ ಇನ್ನೂ ಹಳೆಯದು. ಕರುಳಿನಲ್ಲಿ ಸಿಸಿಕೆ ಎಂಬ ಹಾರ್ಮೋನ್ ಇದೆ ಎಂದು 1928ರಲ್ಲೇ ಗೊತ್ತಾಗಿತ್ತು. ಅದನ್ನು ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಕಡಿಮೆ ತಿಂದದ್ದು 1973ರಲ್ಲಿ. ನಾವು ತಿಂದ ಜಿಡ್ಡು ಸಣ್ಣಕರುಳಿಗೆ ಇಳಿದು ಕೊಬ್ಬಿನಾಮ್ಲಗಳಾಗಿ ಒಡೆಯುತ್ತದೆ. ಆಗ ಸಿಸಿಕೆ ಹೊರಡುತ್ತದೆ. ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, 'ಸಾಕು' ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಸಿಸಿಕೆಯನ್ನು ಚೆನ್ನಾಗಿ ಎಬ್ಬಿಸುವುದು 12 ಅಥವಾ ಅದಕ್ಕಿಂತ ಜಾಸ್ತಿ ಇಂಗಾಲವಿರುವ ಉದ್ದ ಸರಪಳಿಯ ಆಮ್ಲಗಳು. 8, 10 ಇಂಗಾಲದ ಗಿಡ್ಡ ಆಮ್ಲಗಳ ದಾರಿ ಬೇರೆ, ಅವು ನೇರ ಯಕೃತ್ತಿಗೆ ಹೋಗುತ್ತವೆ. ಈ ಗಿಡ್ಡ ಆಮ್ಲಗಳಿಂದಲೇ ಮಾಡಿದ ಎಂಸಿಟಿ ಎಂಬ ಎಣ್ಣೆ ಕೊಟ್ಟಾಗ ಕೆಲವು ಪ್ರಯೋಗಗಳಲ್ಲಿ ಜನ ಮುಂದಿನ ಊಟ ಸ್ವಲ್ಪ ಕಡಿಮೆ ಮಾಡಿದರು.

ಗೊಂದಲ ಶುರುವಾದದ್ದು ಇಲ್ಲೇ. ಎಂಸಿಟಿ ತಯಾರಾಗುವುದು ತೆಂಗಿನೆಣ್ಣೆಯಿಂದಲೂ ಹೌದು. ಆದರೆ ನಮ್ಮ ಗಾಣದ ಎಣ್ಣೆಯಲ್ಲಿ ಆ ಗಿಡ್ಡ ಆಮ್ಲಗಳು ಆರರಲ್ಲಿ ಒಂದು ಪಾಲೂ ಇಲ್ಲ. ಹೆಚ್ಚುಕಡಿಮೆ ಅರ್ಧದಷ್ಟು 12 ಇಂಗಾಲದ ಲಾರಿಕ್ ಆಮ್ಲ. ಎಂಸಿಟಿಯ ಫಲಿತಾಂಶವನ್ನು ಇದಕ್ಕೆ ಅಂಟಿಸಿದರೆ ಹೇಗೆ? ದೊಡ್ಡ ಚಮಚ ಒಂದರಲ್ಲಿ ಸುಮಾರು 120 ಕ್ಯಾಲರಿ ಮಾತ್ರ ಖಂಡಿತ ಒಳಗೆ ಹೋಗುತ್ತದೆ.

ತುಪ್ಪವೋ, ಆಲಿವ್ ಎಣ್ಣೆಯೋ, ಮೀನಿನೆಣ್ಣೆಯೋ, ಯಾವುದು ಹೆಚ್ಚು ಹೊಟ್ಟೆ ತುಂಬಿಸುತ್ತದೆ ಎಂಬ ಪ್ರಯೋಗಗಳೂ ಒಂದೇ ಮಾತು ಹೇಳುವುದಿಲ್ಲ. 1995ರಲ್ಲಿ ಸಿಡ್ನಿಯಲ್ಲಿ ಸಮಾನ ಕ್ಯಾಲರಿಯ 38 ತಿನಿಸುಗಳಲ್ಲಿ ಯಾವುದು ಎಷ್ಟು ಹೊಟ್ಟೆ ತುಂಬಿಸುತ್ತದೆ ಎಂದು ಹೋಲಿಸಿದರು. ಬಿಳಿ ಬ್ರೆಡ್‌ಗೆ 100 ಅಂಕ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲಕ್ಕಿಂತ ಕೆಳಗೆ, 47ರಲ್ಲಿ, ನಿಂತದ್ದು ಬೆಣ್ಣೆ-ಮೈದಾದ ಕ್ರೊಸಾಂಟ್.

ನಮ್ಮ ಗೋಳಿಬಜೆಯೂ ಮೈದಾ, ಎಣ್ಣೆಯದ್ದೇ ಅಲ್ವಾ? ಸಂಜೆ ಒಂದು ಪ್ಲೇಟ್ ಮುಗಿದದ್ದೇ ಗೊತ್ತಾಗುವುದಿಲ್ಲ. ಮಳೆಗಾಲ ಕಳೆದ ಮೇಲಿನ ಬೂತಾಯಿಯಲ್ಲೂ ಜಿಡ್ಡು ಜಾಸ್ತಿಯೇ. ಆದರೆ ಅದರ ಜೊತೆ ಪ್ರೋಟೀನ್ ಇದೆ, ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ ಇದೆ, ಒಂದೊಂದೇ ಮುಳ್ಳು ಬಿಡಿಸಿ ತಿನ್ನುವಷ್ಟು ಹೊತ್ತೂ ಇದೆ.