ಕಾಗೆ, ಕೊಂಬೆ ಮತ್ತು ಬಿರುಗಾಳಿ: ಆರೋಗ್ಯ ಸಂಶೋಧನೆಯಲ್ಲಿ ಕಾರಣ ಹುಡುಕುವ ಬಗೆ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಈ ಪಾಠಕ್ಕೆ ಅರ್ಧ ಮಾತ್ರ ಒಗ್ಗುತ್ತದೆ. ಗಾದೆ ಹೇಳುವುದು ಕಾಕತಾಳೀಯದ ಮಾತು. ಇನ್ನಷ್ಟು ಮರಗಳನ್ನು ನೋಡಿದರೆ ಆ ಭ್ರಮೆ ತಾನಾಗಿಯೇ ಹರಿಯುತ್ತದೆ. ಆರೋಗ್ಯ ಸಂಶೋಧನೆಯಲ್ಲಿ ನಮ್ಮನ್ನು ಕಾಡುವುದು ಬೇರೆ: ಬಿರುಗಾಳಿ ಎದ್ದಿತು, ಹಾರಲಾರದೆ ಕಾಗೆ ಬಂದು ಕೂತಿತು, ಅದೇ ಗಾಳಿಗೆ ಕೊಂಬೆಯೂ ಮುರಿಯಿತು. ಇಲ್ಲಿ ಲಕ್ಷ ಮರ ನೋಡಿದರೂ ಕಾಗೆಗೂ ಕೊಂಬೆಗೂ ನಂಟು ಕಾಣುತ್ತಲೇ ಇರುತ್ತದೆ. ಮಾಹಿತಿ ಹೆಚ್ಚಿದಷ್ಟೂ ತಪ್ಪು ಉತ್ತರದ ಮೇಲೆ ನಂಬಿಕೆ ಗಟ್ಟಿಯಾಗುತ್ತದೆ. ಆ ಗಾಳಿಗೆ ಕನ್ಫೌಂಡರ್ ಎಂದು ಹೆಸರು.

ಮಂಡ್ಯದಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ಓಡಾಡುವ ನಾವು ನಾಲ್ವರು ಇದನ್ನು ಕೂಡಿ ಓದುತ್ತಿದ್ದೇವೆ. ನಾಲ್ವರೂ ಮೊದಲು ಎಡವಿದ್ದು ಒಂದೇ ಕಡೆ: ‘ಯಾರಿಗೆ ಹೃದಯಾಘಾತ ಆಗಬಹುದು?’ ಎಂಬ ಪ್ರಶ್ನೆಯನ್ನೂ ‘ಈ ಮಾತ್ರೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆಯೇ?’ ಎಂಬ ಪ್ರಶ್ನೆಯನ್ನೂ ಒಂದೇ ಎಂದುಕೊಂಡೆವು. ಪತ್ರಿಕೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡಿ ನಾಲೆಗೆ ನೀರು ಬರುತ್ತದೋ ಇಲ್ಲವೋ ಎಂದು ನಮ್ಮ ರೈತ ಊಹಿಸುತ್ತಾನೆ, ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಹಾಗೆಂದು ಯಾರಾದರೂ ಅಚ್ಚಿನ ಮನೆಗೆ ಹೋಗಿ ಆ ಅಂಕಿಯನ್ನು 124.80 ಅಡಿ ಎಂದು ತಿದ್ದಿದರೆ ಗದ್ದೆ ನೆನೆಯುವುದಿಲ್ಲ. ಮುನ್ಸೂಚನೆಗೆ ಅಂಕಿ ಸಾಕು. ಏನನ್ನಾದರೂ ಬದಲಿಸಿದರೆ ಏನಾಗುತ್ತದೆ ಎಂದು ತಿಳಿಯಲು ತೂಬಿನವರೆಗೆ ಹೋಗಬೇಕು. ದತ್ತಾಂಶ ನೋಡಿ ಕಂಪ್ಯೂಟರ್ ತಾನೇ ಕಲಿಯುವ ಮಷೀನ್ ಲರ್ನಿಂಗ್ ಹುಟ್ಟಿನಿಂದ ಮೊದಲನೆಯ ಕೆಲಸದ ಆಳು.

ಆ ಆಳನ್ನು ಎರಡನೆಯ ಕೆಲಸಕ್ಕೆ ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯುಮೋನಿಯಾ ಪ್ರಕರಣ ಪ್ರಸಿದ್ಧ. 1990ರ ದಶಕದಲ್ಲಿ ಅಲ್ಲಿನ ಸಂಶೋಧಕರು ಯಾವ ನ್ಯುಮೋನಿಯಾ ರೋಗಿಯನ್ನು ಮನೆಗೆ ಕಳಿಸಬಹುದು, ಯಾರನ್ನು ಒಳರೋಗಿಯಾಗಿ ಇರಿಸಬೇಕು ಎಂದು ಯಂತ್ರಗಳಿಗೆ ಕಲಿಸಿದರು. ಅವುಗಳಲ್ಲೊಂದು ಮಾದರಿ ಅಸ್ತಮಾ ಇರುವವರಿಗೆ ಸಾವಿನ ಅಪಾಯ ಕಡಿಮೆ ಎಂಬ ಸೂತ್ರವನ್ನು ಹೊರಹಾಕಿತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅಸ್ತಮಾ ಇದೆ ಎಂದು ತಿಳಿದ ಕೂಡಲೇ ವೈದ್ಯರು ಆ ರೋಗಿಗಳನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು, ಆ ಆರೈಕೆಯಿಂದ ಅವರು ಬದುಕುತ್ತಿದ್ದರು. ಸೂತ್ರವನ್ನು ನಂಬಿ ಅವರನ್ನು ಮನೆಗೆ ಕಳಿಸಿದ್ದರೆ ಗತಿ ಏನಾಗುತ್ತಿತ್ತು! ಆ ಮಾದರಿಗಳಲ್ಲೇ ಇನ್ನೊಂದಾದ, ಅತ್ಯಂತ ನಿಖರವಾಗಿದ್ದ ನ್ಯೂರಲ್ ನೆಟ್‌ವರ್ಕ್ ಅನ್ನು ರೋಗಿಗಳ ಮೇಲೆ ಬಳಸದೆ ಬಿಟ್ಟದ್ದು ಇದೇ ಭಯಕ್ಕೆ. ಅದರ ಹೊಟ್ಟೆಯೊಳಗೆ ಇಂಥ ಸೂತ್ರಗಳು ಎಷ್ಟಿವೆಯೋ ಕಾಣುವಂತಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದು ನೀವೇ ಮಾಡಿ ನೋಡಿ, ಓದಿದರೆ ಸಾಲದು. 1986ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಮೂತ್ರಪಿಂಡದ ಕಲ್ಲಿನ ಅಂಕಿಅಂಶಗಳಿವು. ದೇಹವನ್ನು ಕೊಯ್ದು ತೆರೆದು ಮಾಡುವ ಶಸ್ತ್ರಚಿಕಿತ್ಸೆ 350 ಜನರಲ್ಲಿ 273 ಮಂದಿಗೆ ಫಲಿಸಿತು, ಅಂದರೆ ಶೇ. 78. ಚರ್ಮದಲ್ಲಿ ಸಣ್ಣ ರಂಧ್ರ ಕೊರೆದು ಮಾಡುವ ಹೊಸ ವಿಧಾನ 350ರಲ್ಲಿ 289 ಮಂದಿಗೆ ಫಲಿಸಿತು, ಶೇ. 83. ಹೊಸದೇ ಮೇಲು ಎನ್ನಬೇಕು. ಆದರೆ ಕಲ್ಲಿನ ಗಾತ್ರ ನೋಡಿ ಬಿಡಿಸಿದರೆ ಸಣ್ಣ ಕಲ್ಲಿನವರಲ್ಲಿ ಹಳೆಯದಕ್ಕೆ 87ರಲ್ಲಿ 81, ಹೊಸದಕ್ಕೆ 270ರಲ್ಲಿ 234. ದೊಡ್ಡ ಕಲ್ಲಿನವರಲ್ಲಿ ಹಳೆಯದಕ್ಕೆ 263ರಲ್ಲಿ 192, ಹೊಸದಕ್ಕೆ 80ರಲ್ಲಿ 55. ಎರಡೂ ಗುಂಪಿನಲ್ಲಿ ಹಳೆಯ ವಿಧಾನವೇ ಮುಂದಿದೆ. ಕಷ್ಟದ ಕಲ್ಲುಗಳಲ್ಲಿ ಹೆಚ್ಚಿನವು ಹಳೆಯ ವಿಧಾನದ ತಲೆಗೆ ಬಿದ್ದಿದ್ದವು, ಸುಲಭದವುಗಳಲ್ಲಿ ಹೆಚ್ಚಿನವು ಹೊಸದಕ್ಕೆ ಸಿಕ್ಕಿದ್ದವು. ಕಲ್ಲಿನ ಗಾತ್ರವೇ ಇಲ್ಲಿ ಬಿರುಗಾಳಿ.

ಇನ್ನೊಂದು ಹೆಜ್ಜೆ ಹೋಗಿ. ಎಲ್ಲ 700 ಜನರಿಗೂ ಹಳೆಯ ಚಿಕಿತ್ಸೆಯನ್ನೇ ಕೊಟ್ಟಿದ್ದರೆ? ಸಣ್ಣ ಕಲ್ಲಿನವರು 357, ದೊಡ್ಡ ಕಲ್ಲಿನವರು 343. ಆಯಾ ಗುಂಪಿನ ಯಶಸ್ಸಿನ ಪ್ರಮಾಣದಿಂದ ಗುಣಿಸಿ ಕೂಡಿಸಿ, 700ರಿಂದ ಭಾಗಿಸಿದರೆ ಸುಮಾರು ಶೇ. 83 ಬರುತ್ತದೆ. ಎಲ್ಲರಿಗೂ ಹೊಸದನ್ನು ಕೊಟ್ಟಿದ್ದರೆ ಸುಮಾರು ಶೇ. 78. ಅಂಕಿಗಳು ಅದಲುಬದಲಾದವು! ಮೊದಲ ಸಲ ಇದು ಬಂದಾಗ ರೈಲಿನಲ್ಲಿ ಎರಡು ಬಾರಿ ತಾಳೆ ನೋಡಿದೆವು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ರಾಬಿನ್ಸ್ ಅದೇ 1986ರಲ್ಲಿ ಮಂಡಿಸಿದ ಜಿ-ಫಾರ್ಮುಲಾದ ಬಹಳ ಸರಳವಾದ ರೂಪ ಇದು.

ಒಂದು ಅಂಶದ ಮೇಲೆ ಗುಂಪು ಬಿಡಿಸಿ ಹೀಗೆ ಲೆಕ್ಕ ಸರಿಪಡಿಸುವುದಕ್ಕೆ ಹೊಂದಾಣಿಕೆ ಎನ್ನುತ್ತಾರೆ. ಹಾಗಾದರೆ ಸಿಕ್ಕ ಅಂಶಗಳನ್ನೆಲ್ಲ ಹೊಂದಾಣಿಕೆಗೆ ತುಂಬಿಬಿಡೋಣವೇ? ಬೇಡ. ಇದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ಮೈಸೂರಿನ ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹಳೆಯ ಹೆರಿಗೆ ದಾಖಲೆಗಳು ಉಳಿದಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆಹಚ್ಚಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮತ್ತು ಹೆಚ್ಚು ತೂಗಿದವರಲ್ಲಿ ಶೇ. 3.

ಇಲ್ಲಿ ಎರಡು ಹೊಂಡಗಳಿವೆ. ಜನನ ತೂಕದ ಪರಿಣಾಮ ಈಗಿನ ರಕ್ತದೊತ್ತಡದ ಮೂಲಕವೇ ಹೃದಯವನ್ನು ತಲುಪುತ್ತಿರಬಹುದು. ಆ ರಕ್ತದೊತ್ತಡಕ್ಕೆ ‘ಹೊಂದಾಣಿಕೆ’ ಮಾಡಿದರೆ ದಾರಿಗೆ ಅಡ್ಡಲಾಗಿ ಬೇಲಿ ಹಾಕಿದಂತೆ. ಹುಡುಕುತ್ತಿದ್ದ ಪರಿಣಾಮವನ್ನು ನಾವೇ ಅಳಿಸಿ, ಇಲ್ಲವೆಂದು ವರದಿ ಬರೆಯುತ್ತೇವೆ. ಲ್ಯಾಸೋದಂತಹ ಮಷೀನ್ ಲರ್ನಿಂಗ್ ವಿಧಾನಕ್ಕೆ ಅಂಶಗಳನ್ನು ಆರಿಸಲು ಬಿಟ್ಟರೆ ಅದು ರಕ್ತದೊತ್ತಡವನ್ನೇ ಮೊದಲು ಎತ್ತಿಕೊಳ್ಳುವ ಸಂಭವ ಹೆಚ್ಚು, ಏಕೆಂದರೆ ಮುನ್ಸೂಚನೆಗೆ ಅದು ಚೆನ್ನಾಗಿ ನೆರವಾಗುತ್ತದೆ. ಎರಡನೆಯ ಹೊಂಡ ಕಣ್ಣಿಗೇ ಬೀಳುವುದಿಲ್ಲ. ಪರೀಕ್ಷೆಗೆ ಸಿಕ್ಕವರು ಬದುಕುಳಿದವರು, ಊರು ಬಿಡದವರು. ಕಡಿಮೆ ತೂಕದ ಕೂಸು ಬದುಕುಳಿಯುವುದು ಅನುಕೂಲವಂತ ಮನೆಯಲ್ಲಿ ಹೆಚ್ಚು ಎಂದಾದರೆ, ಉಳಿದವರಲ್ಲಿ ತೂಕಕ್ಕೂ ಸಿರಿತನಕ್ಕೂ ಹುಟ್ಟಿನಲ್ಲಿ ಇಲ್ಲದಿದ್ದ ನಂಟು ಹುಟ್ಟಿಕೊಳ್ಳುತ್ತದೆ. ಕಾರಣದಿಂದ ಪರಿಣಾಮದ ಕಡೆಗೆ ಬಾಣ ಎಳೆಯುತ್ತಾ ಹೋದರೆ ಬದುಕುಳಿಯುವಿಕೆಯಂತೆ ಎರಡು ಬಾಣಗಳು ಬಂದು ಸೇರುವ ಇಂಥ ಬಿಂದುವೇ ಕೊಲೈಡರ್. ಇದರಿಂದ ಆ ಅಧ್ಯಯನ ತಪ್ಪಾಗುವುದಿಲ್ಲ. ಅದನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಸಿಗುತ್ತದೆ. ಬಾಣಗಳ ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆಯಿರಿ, ಲ್ಯಾಪ್‌ಟಾಪ್ ಆಮೇಲೆ ತೆರೆಯಿರಿ. ಯಾವ ಬಾಣ ಎತ್ತ ಹೋಗುತ್ತದೆ ಎಂಬುದು ದತ್ತಾಂಶದಲ್ಲಿ ಬರೆದಿರುವುದಿಲ್ಲ.

ಕಾಲದ ವಿಷಯ ಚಿಕ್ಕದಾಗಿ. ಋತುಬಂಧದ ನಂತರ ಹಾರ್ಮೋನ್ ಸೇವಿಸುವ ಮಹಿಳೆಯರಿಗೆ ಹೃದ್ರೋಗ ಕಡಿಮೆ ಎಂದು, ಯಾರು ಏನು ಸೇವಿಸುತ್ತಾರೆಂದು ಬರೀ ಗಮನಿಸುವ ವೀಕ್ಷಣಾ ಅಧ್ಯಯನಗಳು ಹೇಳುತ್ತಿದ್ದವು. 16,608 ಮಹಿಳೆಯರಲ್ಲಿ ಯಾರಿಗೆ ಹಾರ್ಮೋನ್ ಎಂದು ಚೀಟಿ ಎತ್ತಿದಂತೆ ಆರಿಸಿದ ಯಾದೃಚ್ಛಿಕ ಪ್ರಯೋಗವೊಂದು 2002ರಲ್ಲಿ ಅರ್ಧಕ್ಕೇ ನಿಂತಾಗ ಅಪಾಯ ಸ್ವಲ್ಪ ಹೆಚ್ಚೇ ಎಂದು ಕಂಡಿತು. ಹಳೆಯ ಅಧ್ಯಯನಗಳಲ್ಲಿ ಈಗಾಗಲೇ ವರ್ಷಗಟ್ಟಲೆ ಹಾರ್ಮೋನ್ ತೆಗೆದುಕೊಂಡು ಸುಸೂತ್ರವಾಗಿ ಉಳಿದವರೇ ಹೆಚ್ಚು ಸೇರಿದ್ದರು. ಸಂಶೋಧಕ ಮಿಗೆಲ್ ಹೆರ್ನಾನ್ ಮತ್ತು ಸಂಗಡಿಗರು 2008ರಲ್ಲಿ ಅದೇ ವೀಕ್ಷಣಾ ದತ್ತಾಂಶವನ್ನು ಹಾರ್ಮೋನ್ ಶುರುಮಾಡಿದ ದಿನದಿಂದ ಎಣಿಸಿ, ಪ್ರಯೋಗವನ್ನೇ ಅನುಕರಿಸುವಂತೆ ಜೋಡಿಸಿದಾಗ ಫಲಿತಾಂಶ ಪ್ರಯೋಗದ ಹತ್ತಿರಕ್ಕೆ ಬಂತು. ಸೊನ್ನೆಯ ದಿನ ಯಾವುದು ಎಂದು ಕೇಳಿದ್ದೇ ಅರ್ಧ ಪರಿಹಾರ.

ಇಷ್ಟಾದ ಮೇಲೆ ಯಂತ್ರಕ್ಕೆ ಕೆಲಸವಿದೆ, ಒಳ್ಳೆಯ ಕೆಲಸವೇ ಇದೆ. ಕಲ್ಲಿನ ಲೆಕ್ಕದಲ್ಲಿ ಒಂದೇ ಅಂಶ, ಎರಡೇ ಗುಂಪು. ವಯಸ್ಸು, ಸಕ್ಕರೆ ಮಟ್ಟ, ಕ್ರಿಯಾಟಿನಿನ್, ಹಳೆಯ ಔಷಧಿಗಳು ಎಂದು ನೂರು ಅಂಶಗಳಾದರೆ ಕೈಲೆಕ್ಕ ನಡೆಯುವುದಿಲ್ಲ. 2018ರಲ್ಲಿ ವಿಕ್ಟರ್ ಚೆರ್ನೊಜುಕೊವ್ ಮತ್ತಿತರರು ವಿವರಿಸಿದ ಡಬಲ್ ಮಷೀನ್ ಲರ್ನಿಂಗ್ ಹೀಗೆ ನಡೆಯುತ್ತದೆ: ಒಂದು ಯಂತ್ರ ಯಾರಿಗೆ ಔಷಧಿ ಸಿಗಬಹುದು ಎಂದು ಊಹಿಸುತ್ತದೆ, ಇನ್ನೊಂದು ಫಲಿತಾಂಶ ಏನಾಗಬಹುದು ಎಂದು ಊಹಿಸುತ್ತದೆ. ಎರಡರಲ್ಲೂ ಊಹೆಯನ್ನು ಕಳೆದು ಉಳಿದ ಭಾಗಗಳ ನಡುವೆ ಏನು ನಂಟಿದೆ ಎಂದು ನೋಡುತ್ತೇವೆ. ಅರ್ಧ ದತ್ತಾಂಶದಲ್ಲಿ ಕಲಿಸಿ ಇನ್ನರ್ಧದಲ್ಲಿ ಲೆಕ್ಕ ಹಾಕುವುದು, ಆಮೇಲೆ ಅದಲುಬದಲು ಮಾಡುವುದು ಕಡ್ಡಾಯ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವವನನ್ನು ಯಾರು ನಂಬುತ್ತಾರೆ? ಇದರ ಬಂಧುವೆನ್ನಬಹುದಾದ, ಟಾರ್ಗೆಟೆಡ್ ಮ್ಯಾಕ್ಸಿಮಮ್ ಲೈಕ್ಲಿಹುಡ್ ಎಸ್ಟಿಮೇಶನ್ ಎಂಬುದರ ಕಿರುರೂಪವಾದ ಟಿಎಂಎಲ್‌ಇ ವಿಧಾನದಲ್ಲಿ ಎರಡು ಊಹೆಗಳಲ್ಲಿ ಒಂದು ಸರಿಯಿದ್ದರೂ ಉತ್ತರ ಹಳಿ ತಪ್ಪುವುದಿಲ್ಲ. ಆದರೆ ಅಳೆಯದೆ ಬಿಟ್ಟ ಗಾಳಿಯನ್ನು ಇವೆರಡೂ ಕಾಣಲಾರವು.

ಅಳೆಯಲಾಗದ ಗಾಳಿ ಇದೆ ಎಂಬ ಅನುಮಾನವಿದ್ದಾಗ ಆಡಳಿತದ ಗೆರೆಗಳು ನೆರವಾಗುವುದುಂಟು. ದುಬಾರಿ ಚಿಕಿತ್ಸೆಯನ್ನು ಬಡವರಿಗೆ ಉಚಿತವಾಗಿ ಕೊಡಿಸುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಕರ್ನಾಟಕದ ಬಡ ಕುಟುಂಬಗಳಿಗೆ ಬಂತು, ದಕ್ಷಿಣಕ್ಕೆ ಇನ್ನೂ ಬಂದಿರಲಿಲ್ಲ. ಸಂಶೋಧಕರು ಆ ಗಡಿಯ ಈಚೆ ಆಚೆಯ 572 ಹಳ್ಳಿಗಳನ್ನು ಹೋಲಿಸಿದರು. ಗಡಿಯ ಅಕ್ಕಪಕ್ಕದ ಹಳ್ಳಿಗಳಲ್ಲಿ ಮಳೆ, ಬೆಳೆ, ಬಡತನ ಹೆಚ್ಚುಕಡಿಮೆ ಒಂದೇ, ಬೇರೆಯಾದದ್ದು ಯೋಜನೆ. ಯೋಜನೆಯಡಿ ಚಿಕಿತ್ಸೆ ಸಿಗುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದಲ್ಲಿ ಶೇ. 0.32, ಇಲ್ಲದಲ್ಲಿ ಶೇ. 0.90 ಎಂದು 2014ರಲ್ಲಿ ವರದಿಯಾಯಿತು. ಇದಕ್ಕೆ ಯಾವ ನ್ಯೂರಲ್ ನೆಟ್‌ವರ್ಕ್ ಕೂಡ ಬೇಕಾಗಲಿಲ್ಲ. ನಮ್ಮಲ್ಲೊಬ್ಬಳು, ಮಳವಳ್ಳಿಯವಳು, ಕೂಡಲೇ ಕೇಳಿದಳು: ‘ಹಾಗಾದರೆ ನಮ್ಮ ತಾಲ್ಲೂಕಿನಲ್ಲೂ ಇಷ್ಟೇ ಇಳಿಯುತ್ತಿತ್ತೇ?’ ಗಡಿಯ ಹೋಲಿಕೆ ಗಡಿಯ ಹಳ್ಳಿಗಳ ಬಗ್ಗೆ ಮಾತ್ರ ಮಾತಾಡುತ್ತದೆ. ಆ ಅಂಕಿಯನ್ನು ಕಾವೇರಿ ನಾಲೆಯ ಬಯಲಿಗೆ, ಮೈಸೂರಿನ ದೊಡ್ಡ ಆಸ್ಪತ್ರೆಗಳು ಬಸ್ಸಿನ ದೂರದಲ್ಲಿರುವ ಊರಿಗೆ ತರಬೇಕಾದರೆ ಇನ್ನೊಂದು ಬಾಣಗಳ ಚಿತ್ರ ಬರೆಯಬೇಕು. ಅದನ್ನು ಬರೆಯತೊಡಗಿದಾಗ ರೈಲು ನಾಗನಹಳ್ಳಿ ದಾಟಿತ್ತು.